ಆಟದ ಇಂಗ್ಲಿಷು, ಪ್ರಾರ್ಥನೆಯ ಅರಬ್ಬಿ

ಅರ್ಥವಾಗದ ಮಾತನ್ನು ಭಕ್ತಿಯಿಂದ ಕಲಿಯುವುದು ಹೆಚ್ಚೋ, ಅರ್ಥವಾಗುವ ಮಾತನ್ನು ಭಕ್ತಿಯಿಲ್ಲದೆ ಕಲಿಯುವುದು ಹೆಚ್ಚೋ? ಬೋಸ್ನಿಯಾ ದೇಶದ ಶಾಲಾಮಕ್ಕಳ ವಿಷಯ ಯೋಚಿಸುವಾಗಲೆಲ್ಲ ನನಗೆ ಈ ಪ್ರಶ್ನೆ ಎದುರಾಗುತ್ತದೆ. ಅಲ್ಲಿನ ಮುಸ್ಲಿಂ ಮನೆಯ ಹುಡುಗ ವಾರದ ಕೊನೆಯಲ್ಲಿ ಮಸೀದಿಯ ಪಾಠಶಾಲೆಗೆ ಹೋಗುತ್ತಾನೆ. ಅದಕ್ಕೆ ಮೆಕ್ತೆಬ್ ಎನ್ನುತ್ತಾರೆ. ಅರಬ್ಬಿ ಅಕ್ಷರ ಕಲಿತು, ಕುರಾನಿನ ಸಾಲುಗಳನ್ನು ಉಚ್ಚಾರ ತಪ್ಪದಂತೆ ಒಪ್ಪಿಸುತ್ತಾನೆ. ಅರ್ಥ ಬಹುಮಟ್ಟಿಗೆ ತಿಳಿಯದು. ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕೂತನೆಂದರೆ ಇಂಗ್ಲಿಷು. ಕೌಂಟರ್ ಸ್ಟ್ರೈಕೋ ಫೋರ್ಟ್‌ನೈಟೋ ಆಡುವಾಗ ಜೊತೆಗಾರ ಸ್ವೀಡನ್ನಿನವನಿರಬಹುದು, ಜರ್ಮನಿಯವನಿರಬಹುದು. ಬಾಯಿ ಬಿಡದಿದ್ದರೆ ಆಟ ಸೋತಂತೆಯೇ. ತರಗತಿಯಲ್ಲಿ ಕ್ರಿಯಾಪದದ ರೂಪ ಕೇಳಿದರೆ ತಡವರಿಸುವವನು ಇಲ್ಲಿ ನೀರು ಕುಡಿದಷ್ಟು ಸುಲಭವಾಗಿ ಮಾತಾಡುತ್ತಾನೆ. ಪಾಠ ಹೇಳುವ ನಮಗೆ ಇದು ಸ್ವಲ್ಪ ಮುಜುಗರದ ಸಂಗತಿಯೇ, ಇರಲಿ.

ಅರ್ಥ ತಿಳಿಯದೆ ಹೇಳುವುದನ್ನು ಹೀಗಳೆಯಲು ನನಗೆ ಮನಸ್ಸಿಲ್ಲ. ವಿಷ್ಣುಸಹಸ್ರನಾಮ ಹೇಳುವ ನಮ್ಮ ಅಜ್ಜಿಯರಲ್ಲಿ ಎಷ್ಟು ಜನ ಸಂಸ್ಕೃತ ಓದಿದ್ದರು? ಅದು ಮನಸ್ಸನ್ನು ಒಂದು ಕಡೆ ಕೂರಿಸುವ ಅಭ್ಯಾಸ. ಮೆಕ್ತೆಬ್‌ನ ಹುಡುಗನಿಗೂ ಅಷ್ಟೇ. ಆ ಸಾಲುಗಳು ಅರ್ಥವಾಗದಿದ್ದರೂ ಅವನವು. ಇಂಗ್ಲಿಷು ಅರ್ಥವಾದರೂ ಅವನದಲ್ಲ. ಅಲ್ಲಿ ಅದು ಯಾರದೂ ಅಲ್ಲ, ಅದರ ಆಕರ್ಷಣೆಯೂ ಅದೇ ಇರಬೇಕು.

ಯಾಕೆಂದರೆ ಅವನ ಮನೆಮಾತಿನಲ್ಲಿ ಬಾಯಿ ತೆರೆದರೆ ಜಾತಕ ಹೊರಬೀಳುತ್ತದೆ. ಅಲ್ಲಿ ಬೋಸ್ನಿಯಾಕ್ ಮುಸ್ಲಿಮರು, ಕ್ಯಾಥಲಿಕ್ ಕ್ರೊವಾಟರು, ಆರ್ಥೊಡಾಕ್ಸ್ ಸರ್ಬರು ಎಂದು ಮೂರು ಜನ. ಆಡುವ ಮಾತು ಹೆಚ್ಚುಕಡಿಮೆ ಒಂದೇ, ಹೆಸರು ಮಾತ್ರ ಮೂರು. ಕಾಫಿಗೆ ಒಬ್ಬರು ಕಹ್ವಾ ಎಂದರೆ ಇನ್ನೊಬ್ಬರು ಕಾವಾ, ಮತ್ತೊಬ್ಬರು ಕಾಫಾ. ಒಂದು ಲೋಟ ಕಾಫಿ ಕೇಳುವಷ್ಟರಲ್ಲಿ ನೀನು ಯಾರ ಪೈಕಿ ಎಂಬುದು ತಿಳಿದುಹೋಗುತ್ತದೆ! 1992ರಿಂದ 1995ರವರೆಗೆ ನಡೆದ ಯುದ್ಧದಲ್ಲಿ ಅದು ಪ್ರಾಣದ ಪ್ರಶ್ನೆಯಾಗಿತ್ತು. ಧರ್ಮಪಾಠವೂ ಶಾಲೆಯೊಳಗೆ ಬಂತು, ಒಬ್ಬೊಬ್ಬರಿಗೂ ಅವರವರ ಧರ್ಮದ್ದು. ಆ ಗಂಟೆ ಹೊಡೆದಾಗ ಗೆಳೆಯರು ಬೇರೆ ಬೇರೆ ಕೋಣೆಗೆ ಹೋಗುತ್ತಾರೆ. ಕೆಲವು ಊರುಗಳಲ್ಲಂತೂ ಒಂದೇ ಸೂರಿನಡಿ ಎರಡು ಶಾಲೆ. ಬೋಸ್ನಿಯಾಕ್ ಮಕ್ಕಳಿಗೆ ಒಂದು ಪಠ್ಯ, ಕ್ರೊವಾಟ್ ಮಕ್ಕಳಿಗೆ ಇನ್ನೊಂದು. ಮಕ್ಕಳನ್ನು ಬೇರೆ ಮಾಡಿದ್ದು ಪ್ರಾರ್ಥನೆಯಲ್ಲ, ವೇಳಾಪಟ್ಟಿ ಬರೆದ ದೊಡ್ಡವರು ಎಂದೇ ನನಗನ್ನಿಸುತ್ತದೆ.

ಹಾಗಾದರೆ ಆಟದ ಇಂಗ್ಲಿಷು ಮಕ್ಕಳನ್ನು ಕೂಡಿಸುತ್ತದೆಯೇ? ಅಷ್ಟು ಬೇಗ ಹೌದೆನ್ನಲಾರೆ. ಯಾರ ಪೈಕಿ ಎಂದು ಕೇಳದಿರುವುದು ಒಂದು ಬಿಡುಗಡೆ, ನಿಜ. ಆದರೆ ಯಾರೆಂದೇ ತಿಳಿಯದವನ ಜೊತೆಗಿನ ಸ್ನೇಹಕ್ಕೆ ತೂಕವೆಷ್ಟು? ಯಾಯ್ತ್ಸೆ ಎಂಬ ಊರಿದೆ, ಊರ ನಡುವೆಯೇ ಜಲಪಾತ. 2016ರಲ್ಲಿ ಅಲ್ಲಿ ಬೋಸ್ನಿಯಾಕ್ ಮಕ್ಕಳಿಗೆ ಬೇರೆ ಶಾಲೆ ತೆರೆಯುವ ಯೋಜನೆ ಬಂದಾಗ ಹೈಸ್ಕೂಲು ಮಕ್ಕಳು, ಎರಡೂ ಪಂಗಡದವರು, ಒಟ್ಟಾಗಿ ಬೀದಿಗಿಳಿದು ತಡೆದರು. 2018ರಲ್ಲಿ ಅವರಿಗೆ ಮ್ಯಾಕ್ಸ್ ಫಾನ್ ಡೆರ್ ಸ್ಟೂಲ್ ಪ್ರಶಸ್ತಿ ಬಂತು. ಅವರು ಒಬ್ಬರನ್ನೊಬ್ಬರು ಬಲ್ಲವರಾಗಿದ್ದರು, ಹೆಸರು ಹಿಡಿದು, ಧರ್ಮ ತಿಳಿದು.

ಇನ್ನೊಂದು ಮಾತು ತಾಯಂದಿರಿಗೆ ಸಂಬಂಧಿಸಿದ್ದು. ಸರಾಯೆವೊ ನಗರ ಸುಮಾರು ನಾಲ್ಕು ವರ್ಷ ಮುತ್ತಿಗೆಯಲ್ಲಿತ್ತು. 2012ರಲ್ಲಿ ಸತ್ತವರ ನೆನಪಿಗೆ ಮುಖ್ಯ ಬೀದಿಯಲ್ಲಿ 11,541 ಖಾಲಿ ಕೆಂಪು ಕುರ್ಚಿಗಳನ್ನಿಟ್ಟರು. ಆ ದಿನಗಳಲ್ಲಿ ನೆಲಮಾಳಿಗೆಯಲ್ಲಿ ಬೆಳೆದ ಹುಡುಗಿಯರು ಈಗ ಅಮ್ಮಂದಿರು. ಮಗನ ಕೋಣೆಯಿಂದ ಗುಂಡಿನ ಸದ್ದು, ಜೊತೆಗೆ ‘ಹೊಡಿ, ಮುಗಿಸು’ ಎಂಬ ಇಂಗ್ಲಿಷು. ಭಾಷೆ ಕಲಿಯುತ್ತಿದ್ದಾನೆ ಎಂದು ಸುಮ್ಮನಿರುವುದೇ, ನಿಲ್ಲಿಸು ಎನ್ನುವುದೇ? ನಾನಾಗಿದ್ದರೆ ಒಂದು ದಿನವಾದರೂ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ನೆಲಮಾಳಿಗೆಯ ಕತೆ ಹೇಳುತ್ತಿದ್ದೆ, ಮನೆಮಾತಿನಲ್ಲಿ.

ರಂಜಾನಿನ ಸಂಜೆ ಆ ಊರಿನ ಹಳದಿ ಕೋಟೆಯ ಮೇಲೆ ಉಪವಾಸ ಬಿಡುವ ಗುರುತಿಗೆ ಫಿರಂಗಿ ಹಾರಿಸುತ್ತಾರೆ. ಯುದ್ಧ ಮುಗಿದ ಮೇಲೆ ಮತ್ತೆ ಶುರುವಾದ ಹಳೆಯ ಪದ್ಧತಿ. ಸದ್ದು ಕೇಳುತ್ತಲೇ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಮನೆಯಲ್ಲಿ ಹುಡುಗ ‘ಈಗ ಬಂದೆ’ ಎಂದು ಜೊತೆಗಾರರಿಗೆ ಇಂಗ್ಲಿಷಿನಲ್ಲಿ ಹೇಳಿ, ಬಿಸ್ಮಿಲ್ಲಾ ಎಂದು ಖರ್ಜೂರಕ್ಕೆ ಕೈ ಚಾಚುತ್ತಾನೆ.