ಹೆಚ್ಚಿನ ಅಕ್ಕಿ



ಆಯ್ದಕ್ಕಿ ಮಾರಯ್ಯನ ಕಥೆಯನ್ನು ಅರಿಯದ ಮನೆ ನಮ್ಮಲ್ಲಿ ವಿರಳ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಆ ಶರಣನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನಂತೆ. ಮಡದಿ ಲಕ್ಕಮ್ಮ ಹಿಗ್ಗಲಿಲ್ಲ. ಇಷ್ಟೇಕೆಂದು ಕೇಳಿ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳು. ಅಕ್ಕಿ ಕದ್ದದ್ದಲ್ಲ, ಆದರೂ ಕೇಳಿದಳು. ಹೆಚ್ಚಾಗಿ ಬಂದುದನ್ನು ಕುರಿತು ಆಕೆ ಕೇಳಿದ ಪ್ರಶ್ನೆಯನ್ನು ಅಗ್ಗವಾಗಿ ಬಂದುದನ್ನು ಕುರಿತೂ ಕೇಳಬೇಕಾಗಿದೆ. ಇಂದು ನಾವು ತೊಡುವ ಅಂಗಿಯನ್ನು ಹೊಲಿದವರು ಯಾವ ದೇಶದವರೆಂಬುದು ನಮಗೆ ತಿಳಿಯದು. ಮಾರುವ ಕಂಪನಿಗೂ ಎಷ್ಟೋ ವೇಳೆ ತಿಳಿಯದು.

ಬಾಂಗ್ಲಾದೇಶದ ಢಾಕಾ ನಗರದ ಸಮೀಪದ ಸಾವರ್ ಎಂಬಲ್ಲಿ ರಾಣಾ ಪ್ಲಾಜಾ ಎಂಬ ಎಂಟಂತಸ್ತಿನ ಕಟ್ಟಡವೊಂದಿತ್ತು. ಕೆಳಗೆ ಅಂಗಡಿಗಳು ಮತ್ತು ಒಂದು ಬ್ಯಾಂಕು. ಮೇಲೆ ಐದು ಉಡುಪಿನ ಕಾರ್ಖಾನೆಗಳು. ಮೇಲಣ ಅಂತಸ್ತುಗಳನ್ನು ಅನುಮತಿಯಿಲ್ಲದೆ ಏರಿಸಲಾಗಿತ್ತು. ೨೦೧೩ನೆಯ ಏಪ್ರಿಲ್ ೨೩ರಂದು ಬಿರುಕು ಕಾಣಿಸಿಕೊಂಡಿತು. ಜನರನ್ನು ಹೊರಗೆ ಕಳುಹಿಸಿದರು. ಮರುದಿನ ಬ್ಯಾಂಕು ತನ್ನ ನೌಕರರನ್ನು ಬರಗೊಡಲಿಲ್ಲ. ಹೊಲಿಗೆಯವರನ್ನೋ, ಸಂಬಳ ಹಿಡಿಯುವ ಬೆದರಿಕೆಯೊಡ್ಡಿ ಒಳಗೆ ಕರೆದರು. ವಿದ್ಯುತ್ತು ನಿಂತು, ಮೇಲಂತಸ್ತಿನ ಜನರೇಟರುಗಳು ಅದುರತೊಡಗಿದ ಮೇಲೆ ಕಟ್ಟಡವೆಲ್ಲ ಕುಸಿದುಬಿದ್ದಿತು. ೧,೧೦೦ಕ್ಕೂ ಮಿಕ್ಕ ಜನ ಮಡಿದರು. ಸುಮಾರು ೨,೫೦೦ ಮಂದಿ ಗಾಯಗೊಂಡರು. ಹೆಚ್ಚಿನವರು ಹೆಣ್ಣುಮಕ್ಕಳು. ಅಂದು ಅವರ ಕನಿಷ್ಠ ವೇತನ ತಿಂಗಳಿಗೆ ೩,೦೦೦ ಟಾಕಾ.

ಅವಶೇಷಗಳ ನಡುವೆ ಯುರೋಪು, ಉತ್ತರ ಅಮೆರಿಕಗಳ ಹೆಸರಾಂತ ಕಂಪನಿಗಳ ಚೀಟಿಗಳು ಸಿಕ್ಕಿದವು. ತಮ್ಮ ಬಟ್ಟೆ ಅಲ್ಲಿ ಹೊಲಿಯಲ್ಪಡುತ್ತಿದ್ದುದೇ ತಮಗೆ ಗೊತ್ತಿರಲಿಲ್ಲವೆಂದವರೂ ಉಂಟು. ಕೆಲವು ಕಾರ್ಖಾನೆಗಳ ತಪಾಸಣೆ ಮೊದಲೇ ಆಗಿತ್ತು. ಆದರೆ ಕಟ್ಟಡ ನಿಲ್ಲುವುದೋ ಬೀಳುವುದೋ ಎಂಬುದು ಆ ತಪಾಸಣೆಗೆ ಸೇರಿದ ವಿಷಯವಾಗಿರಲಿಲ್ಲ! ಕಟ್ಟಡದ ಒಡೆಯನ ಲೋಭ, ಅಧಿಕಾರಿಗಳ ಅಲಕ್ಷ್ಯ ಇವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಇಂತಹ ವ್ಯಾಪಾರದಲ್ಲಿ ಕೊಳ್ಳುವವನಿಗೆ ಎರಡು ನಾಲಗೆ. ಒಂದು, ಬೆಲೆ ಇಳಿಸು, ಬೇಗ ಕಳುಹಿಸು ಎನ್ನುವುದು. ಇನ್ನೊಂದು, ಕಾರ್ಮಿಕರ ಕ್ಷೇಮವನ್ನು ಕಾಪಾಡು ಎನ್ನುವುದು. ಕಾರ್ಖಾನೆಯವನು ಹಣ ಬರುವ ನಾಲಗೆಯ ಮಾತನ್ನು ಕೇಳುತ್ತಾನೆ.

ಹಾಗಾದರೆ ಅಂತಹ ದೇಶವನ್ನು ಬಿಟ್ಟು ಬರುವುದೇ ಶುಚಿತ್ವವೆ? ೨೦೧೨ರ ನವೆಂಬರಿನಲ್ಲಿ ಅದೇ ಢಾಕಾದ ಬಳಿ ತಜ್ರೀನ್ ಕಾರ್ಖಾನೆಗೆ ಬೆಂಕಿ ಬಿದ್ದು ನೂರಕ್ಕೂ ಮಿಕ್ಕ ಜನ ಸತ್ತ ಬಳಿಕ, ಅಮೆರಿಕದ ಡಿಸ್ನಿ ಕಂಪನಿ ಅಲ್ಲಿಯ ಉತ್ಪಾದನೆಯನ್ನು ನಿಲ್ಲಿಸಲು ನಿಶ್ಚಯಿಸಿತು. ಆದರೆ ಆಗ ಅಲ್ಲಿ ಸುಮಾರು ೪೦ ಲಕ್ಷ ಜನ ಈ ಕಾಯಕವನ್ನೇ ನಂಬಿದ್ದರು. ಎಲ್ಲರೂ ಹೊರಟುಹೋದರೆ ಕೈಗಳು ಶುಚಿಯಾದಾವು, ಒಲೆಗಳು ಆರಿಯಾವು. ಉಳಿದು ತಿದ್ದುವುದು ಕಷ್ಟ. ಅದೇ ಧರ್ಮವೆಂದು ನನಗೆ ತೋರುತ್ತದೆ. ೨೦೧೩ರ ಮೇ ತಿಂಗಳಲ್ಲಿ ಕಾರ್ಮಿಕ ಸಂಘಗಳೊಡನೆ ಆದ ಒಪ್ಪಂದಕ್ಕೆ ಕಾಲಕ್ರಮದಲ್ಲಿ ೨೦೦ಕ್ಕೂ ಹೆಚ್ಚು ಕಂಪನಿಗಳು ಸಹಿ ಹಾಕಿದವು. ಅದು ಬರಿಯ ಸದಿಚ್ಛೆಯಲ್ಲ. ಕಾನೂನಿನಲ್ಲಿ ನಿಲ್ಲುವ ಮಾತು. ತಪಾಸಣೆಯ ವರದಿ ಬಹಿರಂಗವಾಗಬೇಕು, ದುರಸ್ತಿಗೆ ಹಣ ಒದಗುವಂತೆ ನೋಡಿಕೊಳ್ಳಬೇಕು. ಅಮೆರಿಕದ ಕೆಲವು ದೊಡ್ಡ ಕಂಪನಿಗಳು ಇದಕ್ಕೆ ಸೇರದೆ ಬೇರೊಂದು ಕೂಟವನ್ನು ಕಟ್ಟಿಕೊಂಡವು.

ನೊಂದವರ ಪರಿಹಾರನಿಧಿಯ ಕಥೆ ಬೇರೆ. ಬೇಕಾದುದು ೩ ಕೋಟಿ ಡಾಲರು. ಅದು ತುಂಬಿದ್ದು ೨೦೧೫ರ ಜೂನಿನಲ್ಲಿ. ಕೊಡುವುದು ಕೊಡುವವರ ಇಷ್ಟಕ್ಕೆ ಬಿಟ್ಟದ್ದಾಗಿತ್ತು. ಸಾಲವನ್ನು ದಾನವೆಂದು ಕರೆದರೆ ತೀರಿಸುವ ಕೈ ನಿಧಾನವಾಗುತ್ತದೆ. ಇದನ್ನು ದಾಸೋಹವೆನ್ನಲು ನನ್ನ ಬಾಯಿ ಬಾರದು. ೨೦೧೭ರಲ್ಲಿ ಫ್ರಾನ್ಸ್ ದೇಶವು ದೊಡ್ಡ ಕಂಪನಿಗಳಿಗೆ, ತಮಗೆ ಸರಕು ಒದಗಿಸುವವರಲ್ಲಿ ಆಗಬಹುದಾದ ಕೇಡನ್ನೂ ಗಮನಿಸುವ ಹೊಣೆಯನ್ನು ಕಾನೂನಿನಿಂದಲೇ ಹೊರಿಸಿತು.

ಇದು ಪರದೇಶದ ಮಾತೆಂದು ಬಿಡುವಂತಿಲ್ಲ. ನಮ್ಮ ಬೆಂಗಳೂರಿನ ಗಾರ್ಮೆಂಟ್ಸುಗಳಲ್ಲಿಯೂ ಸಾವಿರಾರು ಹೆಣ್ಣುಮಕ್ಕಳು ಹೊರನಾಡಿನ ಕಂಪನಿಗಳಿಗೆ ಹೊಲಿಯುತ್ತಾರೆ. ಹಳ್ಳಿಗಳಿಂದ ಹೋದವರೂ ಅವರಲ್ಲಿದ್ದಾರೆ. ನಿಮ್ಮ ಮನೆಯ ಮಗಳು ಹಬ್ಬಕ್ಕೆ ಬಂದಾಗ ಸಂಬಳವೆಷ್ಟೆಂದು ಕೇಳಿಯೇ ಕೇಳುತ್ತೀರಿ. ಅದರೊಡನೆ, ಕೆಲಸದ ಹೊತ್ತಿನಲ್ಲಿ ಬಾಗಿಲು ತೆರೆದಿರುವುದೇ, ಗೋಡೆ ಬಿರಿದರೆ ಹೊರಗೆ ಹೋಗಗೊಡುವರೇ ಎಂದೂ ಕೇಳಿರಿ.