ಮನನಕ್ಕೆ ಪ್ರತಿನಿಧಿ ಉಂಟೇ?

ಪೂರ್ವಮೀಮಾಂಸಾ ಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಪ್ರತಿನಿಧಿಯ ವಿಚಾರವೊಂದು ಬರುತ್ತದೆ. ಯಾಗಕ್ಕೆ ವಿಧಿಸಿದ ಭತ್ತವು ದೊರೆಯದಿದ್ದಲ್ಲಿ ಅದನ್ನು ಹೋಲುವ ನೀವಾರವೆಂಬ ಕಾಡುಧಾನ್ಯವನ್ನು ಬಳಸಬಹುದು. ಅದರಿಂದ ಕರ್ಮವು ಕೆಡುವುದಿಲ್ಲ. ಆದರೆ ಯಜಮಾನನಿಗೆ ಪ್ರತಿನಿಧಿಯಿಲ್ಲ. ಫಲವು ಯಾರಿಗೆ ಸೇರಬೇಕೋ ಅವನ ಸ್ಥಾನದಲ್ಲಿ ಮತ್ತೊಬ್ಬನನ್ನು ಕುಳ್ಳಿರಿಸಿದರೆ ಆ ಕರ್ಮವು ಅವನದಾಗುವುದೇ ಇಲ್ಲ. ಸಾಮಗ್ರಿಗೆ ಬದಲುಂಟು, ಯಜಮಾನನಿಗೆ ಬದಲಿಲ್ಲ ಎಂಬುದು ಇದರ ಸಾರ.

ಈ ವಿಚಾರವನ್ನು ಇಂದು ಸ್ಮರಿಸಲು ಕಾರಣವಿದೆ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಎಂಬ ಸಂವಾದಯಂತ್ರವು ಸಾರ್ವಜನಿಕರ ಬಳಕೆಗೆ ಬಂದಿತು. ಅನಂತರ ಜೆಮಿನಿ ಮೊದಲಾದ ಇಂತಹ ಚಾಟ್‌ಬಾಟ್‌ಗಳು ಹಲವು ಬಂದವು. ಬೆಂಗಳೂರಿನಂತಹ ನಗರಗಳಲ್ಲಿ ಮಾತ್ರವಲ್ಲ, ನಮ್ಮ ವಕ್ಕಲೇರಿಯಂತಹ ಗ್ರಾಮಗಳಲ್ಲಿಯೂ ಮೊಬೈಲ್ ಇರುವವರೆಲ್ಲರಿಗೂ ಇವು ಕೈಗೆಟುಕುವಂತಾಗಿವೆ. ಶಾಲೆಯ ಪ್ರಬಂಧ, ಉದ್ಯೋಗದ ಅರ್ಜಿ, ರೋಗದ ಲಕ್ಷಣ, ಮನೆಯ ಜಗಳ, ವ್ರತದ ದಿನ, ಎಲ್ಲವನ್ನೂ ಜನರು ಯಂತ್ರವನ್ನೇ ಕೇಳತೊಡಗಿದ್ದಾರೆ. ಹೀಗಿರಲು, ಜ್ಞಾನಕ್ಕೆ ಶ್ರವಣ, ಮನನ, ನಿದಿಧ್ಯಾಸನಗಳೆಂಬ ಮೂರು ಮೆಟ್ಟಿಲುಗಳನ್ನು ಹೇಳಿದ ಪರಂಪರೆಯಲ್ಲಿ ಬಂದವರು ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಅವಶ್ಯಕ. ಈ ಯಂತ್ರವು ಭತ್ತದ ಬದಲಿಗೆ ಬಂದ ನೀವಾರವೇ, ಅಥವಾ ಯಜಮಾನನ ಮಣೆಯನ್ನೇ ಏರಿ ಕುಳಿತ ಅನ್ಯನೇ?

ಮೊದಲು ಪ್ರಯೋಜನವನ್ನು ಒಪ್ಪಿಕೊಳ್ಳೋಣ. ಒಳ್ಳೆಯದನ್ನು ಒಳ್ಳೆಯದೆನ್ನಲು ಹಿಂಜರಿಯುವ ವಿಮರ್ಶೆಯು ಪಕ್ಷಪಾತವೇ ಹೊರತು ವಿಮರ್ಶೆಯಲ್ಲ. ಬ್ಯಾಂಕಿನಿಂದ ಇಂಗ್ಲಿಷಿನಲ್ಲಿ ಬಂದ ನೋಟೀಸನ್ನು ಓದಲಾರದ ರೈತನಿಗೆ ಯಂತ್ರವು ಅದರ ಅರ್ಥವನ್ನು ಕನ್ನಡದಲ್ಲಿ ಹೇಳಬಲ್ಲದು. ಮನೆಪಾಠಕ್ಕೆ ಹಣವಿಲ್ಲದ ವಿದ್ಯಾರ್ಥಿನಿಗೆ ಒಂದೇ ಲೆಕ್ಕವನ್ನು ಹತ್ತು ಬಾರಿ ಬೇಸರವಿಲ್ಲದೆ ವಿವರಿಸಬಲ್ಲದು. ಕಣ್ಣು ಮಂದವಾದ ವೃದ್ಧರಿಗೆ ಓದಿ ಹೇಳಬಲ್ಲದು. ಟೊಮೆಟೊ ಎಲೆಯ ಮೇಲೆ ಕಂಡ ಚುಕ್ಕೆ ಯಾವ ರೋಗವಿರಬಹುದೆಂದು ಊಹಿಸಿ, ಟಮಕದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಏನನ್ನು ವಿಚಾರಿಸಬೇಕೆಂದು ಸೂಚಿಸಬಲ್ಲದು. ವಿದ್ಯಾವಂತರ ಮುಂದೆ ಬಾಯಿ ತೆರೆಯಲು ಸಂಕೋಚಪಡುವವರಿಗೆ, ಅಲ್ಪವೆಂದು ನಗದೆ ಉತ್ತರಿಸುವ ಸಾಧನವೊಂದು ದೊರೆತಿರುವುದು ಸಾಮಾನ್ಯ ಸಂಗತಿಯಲ್ಲ.

ಇನ್ನು ಅಪಾಯದ ವಿಚಾರ. ಇದನ್ನು ತಿಳಿಯಲು ಯಂತ್ರವು ಕೆಲಸ ಮಾಡುವ ಬಗೆಯನ್ನು ಸ್ಥೂಲವಾಗಿಯಾದರೂ ಅರಿಯಬೇಕು. ಅಪಾರವಾದ ಬರಹದ ರಾಶಿಯಿಂದ, ಯಾವ ಪದಗಳ ಹಿಂದೆ ಯಾವ ಪದವು ಬರುವ ಸಂಭವ ಹೆಚ್ಚೆಂಬುದನ್ನು ಅದು ಕಲಿತಿರುತ್ತದೆ. ನಮ್ಮ ಪ್ರಶ್ನೆಗೆ ಉತ್ತರಿಸುವಾಗ ಆ ಸಂಭವವನ್ನನುಸರಿಸಿ ಪದದ ಮುಂದೆ ಪದವನ್ನು ಜೋಡಿಸುತ್ತದೆ. ಅನೇಕ ವೇಳೆ ಈ ಜೋಡಣೆಯು ಸತ್ಯವೇ ಆಗಿರುತ್ತದೆ. ಆದರೆ ಸತ್ಯವಲ್ಲದಿದ್ದಾಗಲೂ ವಾಕ್ಯದ ಅಂದವು ಕಿಂಚಿತ್ತೂ ಕುಂದುವುದಿಲ್ಲ. ತಡವರಿಕೆಯಿಲ್ಲ, ಸ್ವರ ತಗ್ಗುವುದಿಲ್ಲ. ಸತ್ಯಕ್ಕೂ ಅಸತ್ಯಕ್ಕೂ ಒಂದೇ ವೇಷ.

ವೇಷವನ್ನು ನಂಬಬಾರದೆಂಬ ಪಾಠವನ್ನು ನಮ್ಮ ಊರೇ ಕಲಿಸಬಲ್ಲದು. ವಕ್ಕಲೇರಿಯಲ್ಲಿ ದೊರೆತ, ಬಾದಾಮಿ ಚಾಲುಕ್ಯರ ಎರಡನೆಯ ಕೀರ್ತಿವರ್ಮನ ತಾಮ್ರಶಾಸನವು ಕ್ರಿ.ಶ. 757ರದು. ಅವನ ತಂದೆ ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದರೂ ಹಾಳುಗೆಡವದೆ, ಅಲ್ಲಿಯ ರಾಜಸಿಂಹೇಶ್ವರ ದೇವಾಲಯದ ಸಂಪತ್ತನ್ನು ದೇವರಿಗೇ ಮರಳಿಸಿದನೆಂದು ಅದು ಹೇಳುತ್ತದೆ. ಇದನ್ನು ಏಕೆ ನಂಬಬೇಕು? ಮಗನು ತಂದೆಯನ್ನು ಹೊಗಳಿದ ಮಾತಲ್ಲವೇ? ನಂಬಲು ಕಾರಣವುಂಟು. ಇಂದು ಕೈಲಾಸನಾಥ ದೇವಾಲಯವೆಂದು ಪ್ರಸಿದ್ಧವಾದ ಕಂಚಿಯ ಆ ಗುಡಿಯ ಕಂಬದ ಮೇಲೆಯೇ ವಿಕ್ರಮಾದಿತ್ಯನ ಕನ್ನಡ ಶಾಸನವಿದೆ. ಅದೂ ಇದನ್ನೇ ಸಾರುತ್ತದೆ. ಹೊಗಳಿಕೆಯ ಮಾತಿಗೆ ಸೋತವರ ಊರಿನಲ್ಲಿಯೇ ಸಾಕ್ಷಿ ದೊರೆಯಿತು. ಇನ್ನೊಂದು ಕಡೆ, ಗಂಗ ಅರಸರ ಹೆಸರಿನ ಹಲವು ತಾಮ್ರಶಾಸನಗಳು ಕೃತಕವೆಂದು ಫ್ಲೀಟ್ ಎಂಬ ವಿದ್ವಾಂಸರು ವಾದಿಸಿದರು, ಬಿ. ಎಲ್. ರೈಸ್ ಅವರು ಅವುಗಳ ಪರವಾಗಿ ನಿಂತರು. ಅಲ್ಲಿಯೂ ತಾಮ್ರವೇ, ಅಲ್ಲಿಯೂ ಸಂಸ್ಕೃತವೇ, ಅಲ್ಲಿಯೂ ವಂಶಾವಳಿಯೇ. ನಿಜವಾದುದನ್ನೂ ಕೃತಕವಾದುದನ್ನೂ ಬೇರ್ಪಡಿಸಲು ಅಕ್ಷರದ ಕಾಲ, ತಿಥಿವಾರಗಳ ಹೊಂದಾಣಿಕೆ, ಇತರ ಶಾಸನಗಳ ಸಂವಾದ ಇವುಗಳನ್ನು ನೋಡಬೇಕಾಯಿತು. ಮಾತಿನ ಬೆಡಗಿನಿಂದ ಏನೂ ತೀರ್ಮಾನವಾಗಲಿಲ್ಲ.

ಈ ಎಚ್ಚರಿಕೆಯನ್ನು ಮರೆತವರಿಗೆ ಏನಾಯಿತೆಂಬುದಕ್ಕೆ ನಿದರ್ಶನಗಳಿವೆ. ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಕೊಟ್ಟ ತೀರ್ಪುಗಳನ್ನು ನ್ಯಾಯಾಲಯದಲ್ಲಿ ಉಲ್ಲೇಖಿಸಿದರು. ಅಂತಹ ತೀರ್ಪುಗಳೇ ಇರಲಿಲ್ಲ. 2023ರ ಜೂನ್ ತಿಂಗಳಿನಲ್ಲಿ ಅವರಿಗೆ 5,000 ಡಾಲರ್ ದಂಡ ವಿಧಿಸಲಾಯಿತು. ನಮ್ಮ ಬೆಂಗಳೂರಿನಲ್ಲಿಯೇ, ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಪೀಠವು 2024ರ ಡಿಸೆಂಬರಿನಲ್ಲಿ ನೀಡಿದ ಆದೇಶವೊಂದರಲ್ಲಿ ಇಲ್ಲದ ತೀರ್ಪುಗಳು ಉಲ್ಲೇಖಗೊಂಡು, ಕೆಲವೇ ದಿನಗಳಲ್ಲಿ ಆ ಆದೇಶವನ್ನು ಹಿಂಪಡೆಯಬೇಕಾಯಿತು. ಅದು ಯಂತ್ರವನ್ನು ಅವಲಂಬಿಸಿದ್ದರ ಫಲವೆಂದು ವ್ಯಾಪಕವಾಗಿ ವರದಿಯಾಯಿತು. ಇವರೆಲ್ಲರೂ ಓದಿದವರು, ಮೂಲಗ್ರಂಥವನ್ನು ತೆರೆದು ನೋಡುವ ಅವಕಾಶವುಳ್ಳವರು.

ನ್ಯಾಯಾಲಯದ ಮಾತು ನಮಗೇಕೆ ಎನ್ನುವವರು ಸ್ವಂತ ಮನೆಯ ಕಡೆಗೆ ನೋಡಲಿ. ಏಕಾದಶಿ ಎಂದು ಎಂದು ಯಂತ್ರವನ್ನು ಕೇಳಿದರೆ ಒಂದು ದಿನಾಂಕವನ್ನು ಹೇಳಬಹುದು. ಸೂರ್ಯೋದಯಕ್ಕೆ ಮೊದಲಿನ 4 ಘಳಿಗೆಗಳ ಅರುಣೋದಯದಲ್ಲಿ ದಶಮಿಯ ವೇಧೆಯಿದ್ದರೆ ನಮ್ಮವರು ಆ ದಿನ ಉಪವಾಸ ಮಾಡದೆ ಮರುದಿನ ಮಾಡುವರೆಂಬ ಭೇದವನ್ನು ಅದು ಗಮನಿಸಿಯೇ ಉತ್ತರಿಸಿತೆಂಬುದಕ್ಕೆ ಖಾತರಿಯೇನು? ಹಾಗೆಯೇ, ರಂಗವಿಠಲ ಅಂಕಿತದ ಕೃತಿಯೊಂದನ್ನು ಕೊಡೆಂದು ಕೇಳಿದರೆ, ಶ್ರೀಪಾದರಾಜರು ಎಂದೂ ಹಾಡದ ಸಾಲುಗಳನ್ನು ಹೊಸೆದು ಕೊನೆಯಲ್ಲಿ ಆ ಅಂಕಿತವನ್ನು ಇಟ್ಟುಬಿಡಲು ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಅಂತಹ ಒಂದು ಹಾಡು ಭಜನೆಯಲ್ಲಿ ಸೇರಿ ಎರಡು ತಲೆಮಾರು ಕಳೆದರೆ ಬೇರ್ಪಡಿಸುವವರು ಯಾರು?

ನಮ್ಮ ಪ್ರಮಾಣಶಾಸ್ತ್ರವು ಇಲ್ಲಿ ದಾರಿ ತೋರುತ್ತದೆ. ಶ್ರೀಜಯತೀರ್ಥರ ಪ್ರಮಾಣಪದ್ಧತಿಯು ದೋಷರಹಿತವಾದ ಶಬ್ದವನ್ನೇ ಆಗಮವೆಂದು ನಿರೂಪಿಸುತ್ತದೆ. ಮನುಷ್ಯರ ಮಾತಿನಲ್ಲಿ ನಂಬಿಕೆ ಇಡಬೇಕಾದರೆ ಆಡುವವನು ಆಪ್ತನಾಗಿರಬೇಕು. ಅಂದರೆ ವಿಷಯವನ್ನು ಬಲ್ಲವನಾಗಿರಬೇಕು, ತಿಳಿಸುವ ಇಚ್ಛೆಯುಳ್ಳವನಾಗಿರಬೇಕು, ವಂಚಿಸುವ ಬುದ್ಧಿಯಿಲ್ಲದವನಾಗಿರಬೇಕು. ಯಂತ್ರಕ್ಕೆ ವಂಚಿಸುವ ಬುದ್ಧಿಯಿಲ್ಲವೆಂದು ಒಪ್ಪೋಣ. ಆದರೆ ಬಲ್ಲವನೆಂಬ ಮೊದಲ ಲಕ್ಷಣಕ್ಕೆ ಅದರಲ್ಲಿ ಆಧಾರವೆಲ್ಲಿದೆ? ಅಲ್ಲಿ ಶಬ್ದವಿದೆ, ಶಬ್ದದ ಹಿಂದೆ ನಿಂತು ಇದು ಹೀಗೆಯೇ ಎಂದು ಕಂಡವನಿಲ್ಲ. ನಮ್ಮ ಸಿದ್ಧಾಂತದಲ್ಲಿ ಜ್ಞಾನವು ಯಥಾರ್ಥವೆಂದು ನಿಶ್ಚಯಿಸುವುದು ಸಾಕ್ಷಿ. ಮನಸ್ಸು ತಪ್ಪಬಹುದು, ಪರೀಕ್ಷೆಯಿಂದ ಸಂದೇಹವು ಕಳೆದ ಬಳಿಕ ಸಾಕ್ಷಿಯು ಕೊಡುವ ನಿಶ್ಚಯವೇ ಕೊನೆಯದು. ಆ ಸಾಕ್ಷಿ ಇರುವುದು ನನ್ನಲ್ಲಿ, ನಿಮ್ಮಲ್ಲಿ, ಯಂತ್ರದಲ್ಲಿ ಅಲ್ಲ. ಆದುದರಿಂದ ಯಂತ್ರವು ಎಷ್ಟೇ ಹೇಳಲಿ, ಪರೀಕ್ಷಿಸಿ ಒಪ್ಪುವ ಭಾರವು ಕೇಳಿದವನದಾಗಿಯೇ ಉಳಿಯುತ್ತದೆ.

ಇಲ್ಲೊಂದು ಪೂರ್ವಪಕ್ಷವಿದೆ. ಗುರುವಿನ ಮಾತನ್ನು ನಂಬುವುದೂ ಪರಾವಲಂಬನೆಯೇ ಅಲ್ಲವೇ? ಪಾಠಶಾಲೆಯಲ್ಲಿ ಅರ್ಥವಾಗುವ ಮೊದಲೇ ಬಾಯಿಪಾಠ ಮಾಡಿಸುವುದಿಲ್ಲವೇ? ಆಕ್ಷೇಪವು ಗಟ್ಟಿಯಾದುದು, ಸಮಾಧಾನವನ್ನೂ ಹೇಳಬೇಕು. ಗುರುಗಳು ಪಾಠವನ್ನು ಹೇಳಿ ಬಿಟ್ಟುಬಿಡುವುದಿಲ್ಲ. ಮರುದಿನ ಒಪ್ಪಿಸಬೇಕು, ಅನುವಾದ ಮಾಡಬೇಕು, ಸಹಪಾಠಿಯೊಡನೆ ವಾಕ್ಯಾರ್ಥಕ್ಕೆ ಕುಳಿತು ಪೂರ್ವಪಕ್ಷವನ್ನು ಎದುರಿಸಬೇಕು. ಗುರುವಿನ ಮೇಲಿನ ಅವಲಂಬನೆಯು ಶಿಷ್ಯನನ್ನು ಸ್ವತಂತ್ರನನ್ನಾಗಿ ಮಾಡಲೆಂದೇ ಇರುವುದು. ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಬಳಿ ಅಧ್ಯಯನ ಮಾಡಿದ ಶ್ರೀವ್ಯಾಸರಾಜರು ಮುಂದೆ ನ್ಯಾಯಾಮೃತ, ತರ್ಕತಾಂಡವಗಳನ್ನು ರಚಿಸಿದರು. ಗುರುಗಳು ಅವರಿಗೆ ಉತ್ತರಗಳನ್ನಷ್ಟೇ ಕೊಟ್ಟಿದ್ದರೆ ಆ ಗ್ರಂಥಗಳು ಹುಟ್ಟುತ್ತಿರಲಿಲ್ಲ.

ಈ ಭೇದವು ಆಧುನಿಕ ಪ್ರಯೋಗದಲ್ಲಿಯೂ ಕಂಡುಬಂದಿದೆ. ತುರ್ಕಿಯ ಪ್ರೌಢಶಾಲೆಯೊಂದರ ಸುಮಾರು 1000 ವಿದ್ಯಾರ್ಥಿಗಳ ಮೇಲೆ ನಡೆದ ಗಣಿತದ ಅಧ್ಯಯನವೊಂದು 2025ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೇಳಿದೊಡನೆ ಉತ್ತರ ಕೊಡುವ ಯಂತ್ರವನ್ನು ಬಳಸಿದವರು ಅಭ್ಯಾಸದ ಲೆಕ್ಕಗಳಲ್ಲಿ ಶೇಕಡಾ 48ರಷ್ಟು ಮುಂದೆ ಹೋದರು. ಅನಂತರ ಯಂತ್ರವಿಲ್ಲದೆ ಪರೀಕ್ಷೆ ಬರೆದಾಗ, ಎಂದೂ ಯಂತ್ರ ಮುಟ್ಟದವರಿಗಿಂತ ಶೇಕಡಾ 17ರಷ್ಟು ಹಿಂದೆ ಬಿದ್ದರು. ಉತ್ತರವನ್ನು ಮರೆಮಾಡಿ ಸುಳಿವನ್ನು ಮಾತ್ರ ಕೊಡುವಂತೆ ರೂಪಿಸಿದ ಯಂತ್ರವನ್ನು ಬಳಸಿದವರಿಗೆ ಈ ಹಾನಿಯು ಬಹುಮಟ್ಟಿಗೆ ತಟ್ಟಲಿಲ್ಲ. ಯಂತ್ರದ ಜಾತಿ ಒಂದೇ. ಬಳಸಿದ ಕ್ರಮ ಬೇರೆ. ಮೊದಲಿನವರು ಯಜಮಾನಿಕೆಯನ್ನು ಒಪ್ಪಿಸಿದರು, ಎರಡನೆಯವರು ಸಾಮಗ್ರಿಯನ್ನು ಮಾತ್ರ ಪಡೆದರು.

ಇನ್ನೊಂದು ಅಪಾಯವು ಹೆಚ್ಚು ಸೂಕ್ಷ್ಮ. ಈ ಯಂತ್ರಗಳಿಗೆ ಕೇಳುವವನ ಮನಸ್ಸಿಗೆ ಒಪ್ಪುವಂತೆ ನುಡಿಯುವ ಒಲವಿದೆ. 2025ರ ಏಪ್ರಿಲ್‌ನಲ್ಲಿ ಚಾಟ್‌ಜಿಪಿಟಿಯ ಹೊಸ ಆವೃತ್ತಿಯೊಂದು ಅತಿಯಾಗಿ ಹೊಗಳುತ್ತಿದೆಯೆಂದು ಅದನ್ನು ರೂಪಿಸಿದ ಸಂಸ್ಥೆಯೇ ಹಿಂದಕ್ಕೆ ಪಡೆಯಿತು. ಅಣ್ಣತಮ್ಮಂದಿರಲ್ಲಿ ಜಮೀನಿನ ಭಾಗದ ವಿಚಾರ ಬಂದಿತೆನ್ನಿ. ಒಬ್ಬನು ರಾತ್ರಿ ಕುಳಿತು ತನ್ನ ಕಡೆಯ ಕಥೆಯನ್ನಷ್ಟೇ ಯಂತ್ರಕ್ಕೆ ಹೇಳುತ್ತಾನೆ. ನಿಮಗಾದ ನೋವು ಸಹಜ, ನಿಮ್ಮ ನಿಲುವು ನ್ಯಾಯವಾದುದು ಎಂಬ ಉತ್ತರ ಬರುತ್ತದೆ. ಮನೆಯ ಹಿರಿಯರಾಗಿದ್ದರೆ, ನಿನ್ನ ಓದಿಗಾಗಿ ಅವನು ಶಾಲೆ ಬಿಟ್ಟುದನ್ನು ಮರೆತೆಯಾ ಎಂದು ಕೇಳುತ್ತಿದ್ದರು. ಯಂತ್ರಕ್ಕೆ ಅದು ತಿಳಿಯದು, ಹೇಳಬೇಕಾದವನು ಹೇಳಿಲ್ಲ. ಬೆಳಗಾಗುವಷ್ಟರಲ್ಲಿ ಲೋಭವು ನ್ಯಾಯದ ಉಡುಪನ್ನು ತೊಟ್ಟು ಹೊರಬರುತ್ತದೆ. ಮುರಿದ ಸಂಬಂಧದ ಫಲವನ್ನು ಉಣ್ಣುವವನು ಅವನೇ. ಯಂತ್ರ ಹೇಳಿತೆಂಬ ಮಾತು ಧರ್ಮದ ಮುಂದೆ ನಿಲ್ಲದು.

ಇದರಿಂದ ಮನೆಗಳಲ್ಲಿ ಪಾಲಿಸಬಹುದಾದ ಕೆಲವು ನಿಯಮಗಳು ಒದಗುತ್ತವೆ. ಮಕ್ಕಳು ಮೊದಲು ತಮ್ಮ ಉತ್ತರವನ್ನು, ತಪ್ಪಾದರೂ ಸರಿಯೆ, ಬರೆದಿಟ್ಟು ಅನಂತರ ಯಂತ್ರವನ್ನು ಕೇಳಲಿ. ಯಂತ್ರ ಕೊಟ್ಟ ಹೆಸರು, ಇಸವಿ, ವಚನಗಳನ್ನು ಮೂಲದಲ್ಲಿ ನೋಡದೆ ಯಾರೂ ಇನ್ನೊಬ್ಬರಿಗೆ ಹೇಳದಿರಲಿ. ವ್ರತದ ನಿರ್ಣಯವನ್ನು ತಮ್ಮ ಮಠದ ಪಂಚಾಂಗದಲ್ಲಿ, ಔಷಧಿಯನ್ನು ವೈದ್ಯರಲ್ಲಿ ಕೇಳಲಿ. ಸ್ವಪಕ್ಷವನ್ನು ಸಮರ್ಥಿಸೆಂದು ಯಂತ್ರಕ್ಕೆ ಹೇಳುವ ಬದಲು, ನನ್ನ ಪಕ್ಷದಲ್ಲಿ ದೋಷವೇನೆಂದು ಕೇಳಲಿ. ಹೀಗೆ ಪೂರ್ವಪಕ್ಷಿಯನ್ನಾಗಿ ಬಳಸಿದರೆ ಅದೇ ಯಂತ್ರವು ಬುದ್ಧಿಗೆ ಸಾಣೆಯಾದೀತು. ಕೊನೆಯದಾಗಿ, ತಿಳಿದೆನೆಂದು ಎನಿಸಿದಾಗ ಮೊಬೈಲನ್ನು ಪಕ್ಕಕ್ಕಿಟ್ಟು, ವಿಷಯವನ್ನು ತಮ್ಮದೇ ಮಾತಿನಲ್ಲಿ ಮನೆಯವರಿಗೆ ಹೇಳಿ ನೋಡಲಿ. ಹೇಳಲು ಬಂದಷ್ಟು ಮಾತ್ರ ತಮ್ಮದು.

ಶ್ರವಣಕ್ಕೆ ಸಾಧನಗಳು ಕಾಲಕಾಲಕ್ಕೆ ಬದಲಾಗಿವೆ. ತಾಳೆಗರಿ ಹೋಗಿ ಅಚ್ಚಿನ ಪುಸ್ತಕ ಬಂದಿತು, ಧ್ವನಿಸುರುಳಿ ಬಂದಿತು, ಈಗ ಸಂವಾದಯಂತ್ರ ಬಂದಿದೆ. ಬರಲಿ, ಯೋಗ್ಯವಾದ ಸಾಮಗ್ರಿಯನ್ನು ಸ್ವೀಕರಿಸೋಣ. ಆದರೆ ಕೇಳಿದುದನ್ನು ಯುಕ್ತಿಯಿಂದ ತೂಗಿ ನಿಶ್ಚಯಿಸುವ ಮನನವೆಂಬ ಕರ್ಮಕ್ಕೆ ಪ್ರತಿಯೊಬ್ಬನೂ ತಾನೇ ಯಜಮಾನ. ಆ ಮಣೆಯಿಂದ ಏಳದಿರೋಣ.

॥ ಶ್ರೀಕೃಷ್ಣಾರ್ಪಣಮಸ್ತು ॥