ಹರಿದ ಎಳೆಗೆ ಗಂಟು



ಬೆಳುಂಕಿ ಹಾಗೂ ಜತ್ತ ಭಾಗದ ನಮ್ಮ ಸದ್ಭಕ್ತರಲ್ಲಿ ಒಕ್ಕಲಿಗರೂ ವ್ಯಾಪಾರಸ್ಥರೂ ಹೆಚ್ಚು. ಆದರೂ ಮಗ್ಗದ ಕಾಯಕದಿಂದ ನಾವು ಕಲಿಯಬೇಕಾದ ಪಾಠವೊಂದಿದೆ. ಬಸವಣ್ಣನವರಿಗಿಂತ ಮೊದಲೇ ಬಾಳಿದ ಆದ್ಯ ವಚನಕಾರ ಜೇಡರ ದಾಸಿಮಯ್ಯನವರು ಈಗಿನ ಯಾದಗಿರಿ ಜಿಲ್ಲೆಯ ಮುದನೂರಿನವರು. ನೇಯ್ದೇ ದಾಸೋಹ ಮಾಡಿದವರು.

ಹೊಸದಾಗಿ ಕುಣಿಮಗ್ಗಕ್ಕೆ ಇಳಿದವನ ಕೈ ಒಂದೇ ದಿನಕ್ಕೆ ಪಳಗುವುದಿಲ್ಲ. ಲಾಳಿಯ ನೂಲನ್ನು ಬಿಗಿದು ಎಳೆದರೆ ಅಂಚು ಒಳಗೆ ಸರಿದು ಬಟ್ಟೆಯ ಅಗಲ ಕುಗ್ಗುತ್ತದೆ. ಹಣಿಗೆಯ ಪೆಟ್ಟು ಏರುಪೇರಾದರೆ ನೇಯ್ಗೆ ಒಂದೆಡೆ ದಟ್ಟ, ಒಂದೆಡೆ ಜಾಳು. ಬೇಸಿಗೆಯ ಒಣಗಾಳಿಗೆ ಹತ್ತಿಯ ಎಳೆ ಪದೇ ಪದೇ ಹರಿಯುತ್ತದೆ. ಇವಕ್ಕೆಲ್ಲ ಕೈಗೆ ಸಿಕ್ಕದ್ದರಲ್ಲೇ ಉಪಾಯವುಂಟು. ಅಡ್ಡನೂಲನ್ನು ತುಸು ಓರೆಯಾಗಿ, ಸಡಿಲಾಗಿ ಬಿಟ್ಟು ಹಣಿಗೆ ಬಡಿದರೆ ಅಂಚು ನೆಟ್ಟಗೆ ನಿಲ್ಲುತ್ತದೆ. ಸಡಿಲಾದ ಹಾಸಿನ ಎಳೆಗೆ ಮಗ್ಗದ ಹಿಂದೆ ಸಣ್ಣ ಭಾರ ತೂಗುಬಿಟ್ಟರೆ ಬಿಗಿ ಬರುತ್ತದೆ. ಸುತ್ತಲ ನೆಲಕ್ಕೆ ನೀರು ಚಿಮುಕಿಸಿ, ಹಸಿ ಗೋಣಿತಟ್ಟು ಹಾಸಿದರೆ ಗಾಳಿ ತಂಪಾಗಿ ನೂಲು ತಾಳುತ್ತದೆ.

ಆದರೆ ಹರಿದ ಎಳೆಯನ್ನು ಕಂಡೂ ಕಾಣದವನಂತೆ ನೇಯುತ್ತ ಹೋದರೆ? ಹಾಸಿನ ಆ ಗೆರೆ ಮುಂದೆ ಉದ್ದಕ್ಕೂ ಖಾಲಿ. ಕೂರಿಗೆಯ ಒಂದು ಕೊಳವೆ ಕಟ್ಟಿಕೊಂಡದ್ದನ್ನು ನೋಡದೆ ಬಿತ್ತಿದರೆ ಸಾಲು ಪೂರಾ ಬರಿದಾಗುವುದಿಲ್ಲವೇ? ಖಾತೆ ಪುಸ್ತಕದಲ್ಲಿ ಒಂದು ದಿನದ ಶಿಲ್ಕು ತಪ್ಪಿದರೆ ಮುಂದಿನ ಪುಟಗಳೆಲ್ಲ ತಪ್ಪುವುದಿಲ್ಲವೇ? ಆ ಕ್ಷಣವೇ ನಿಂತು ಗಂಟು ಹಾಕಿದರೆ ಅದು ಸಣ್ಣ ಕೆಲಸ.

ಗಂಟು ಹಾಕುವುದು ಅವಮಾನವಲ್ಲ. ನಮ್ಮ ತಾಯಂದಿರು ಹೆಮ್ಮೆಯಿಂದ ಉಡುವ ಇಳಕಲ್ ಸೀರೆಯನ್ನೇ ನೋಡಿರಿ. ಅದರ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಎರಡರ ಎಳೆಗಳನ್ನೂ ಕುಣಿಕೆ ಹಾಕಿ ಕೂಡಿಸುತ್ತಾರೆ. ಅದಕ್ಕೆ ಕೊಂಡಿ ಎನ್ನುತ್ತಾರೆ. ಆ ಸೀರೆಯ ಹೆಸರು ನಿಂತಿರುವುದೇ ಕೂಡಿಸಿದ ಜಾಗದ ಮೇಲೆ.

ನಮ್ಮ ಮನೆಗಳಲ್ಲಿ ಆಗುತ್ತಿರುವುದೇನು? ಅಂಗಡಿಯಲ್ಲಿ ಕೂತ ಮಗ ಉದ್ರಿ ಕೊಟ್ಟು ಸಿಕ್ಕಿಬೀಳುತ್ತಾನೆ. ಬೋರ್‌ವೆಲ್ ಕೊರೆಸಿದ ತಮ್ಮ ಬಡ್ಡಿ ಸಾಲಕ್ಕೆ ಬೀಳುತ್ತಾನೆ. ಹಿರಿಯರ ಬೈಗುಳಕ್ಕೆ ಅಂಜಿ ಇಬ್ಬರೂ ಬಾಯಿ ಬಿಡುವುದಿಲ್ಲ. ಮನೆಯವರಿಗೆ ತಿಳಿಯುವಷ್ಟರಲ್ಲಿ ಹೊಲ ಮಾರುವ ಹೊತ್ತು ಬಂದಿರುತ್ತದೆ. ಕೆಲವೊಮ್ಮೆ ಜೀವಕ್ಕೇ ಎರವಾಗುತ್ತದೆ.

ಆದ್ದರಿಂದ ಹಿರಿಯರಲ್ಲಿ ನಮ್ಮ ವಿನಂತಿ: ತಪ್ಪು ಹೇಳಿಕೊಂಡು ಬಂದವರನ್ನು ಗದರಿಸಬೇಡಿರಿ; ಮೊದಲು ಜೊತೆಗೆ ಕೂತು ಎಳೆ ಹುಡುಕಿರಿ. ಕಿರಿಯರಿಗೆ ನಮ್ಮ ಮಾತು: ಎಳೆ ಹರಿದ ದಿನವೇ ಹೇಳಿರಿ. ಮನೆಯಲ್ಲಿ ಹೇಳಲು ಧೈರ್ಯ ಸಾಲದಿದ್ದರೆ ಮಠಕ್ಕೆ ಬನ್ನಿರಿ.